ಮಗುಚಿದ ಹೆಜ್ಜೆ

ಹುಳ ಬಿದ್ದ ಗಾಯದ ವಾಸನೆ ನನಗೆ ಗೊತ್ತಿರುವಷ್ಟು ಈ ಸೀಮೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ ಎಂದು ನಾನು ಜಂಬಪಡುತ್ತಿದ್ದೆ, ಅದೂ ಮನಸ್ಸಿನಲ್ಲೇ. ಸಿಹಿಯೂ ಹೌದು, ಕೊಳೆತದ್ದೂ ಹೌದು. ಒಮ್ಮೆ ಮೂಗಿಗೆ ಹತ್ತಿದರೆ ಊಟದ ತಟ್ಟೆಯ ತನಕ ಹಿಂದೆಯೇ ಬರುತ್ತದೆ. ಗಾಳಿ ಈ ಕಡೆ ಬೀಸಿದರೆ ಸಾಕು, ನೂರು ಮಾರು ದೂರದಲ್ಲಿ ಮೇಯುವ ಮಂದೆಯಲ್ಲಿ ಹುಳ ಬಿದ್ದ ದನ ಇದೆಯೋ ಇಲ್ಲವೋ ಹೇಳಬಲ್ಲೆ. ಅಂಥವಳು, ನನ್ನ ಗಂಡನ ಮೂಗಿನಿಂದಲೇ ಆ ವಾಸನೆ ಬಂದ ದಿನ ಬಾಯಿ ಬಿಡಲಿಲ್ಲ. ಕತೆ ಇಷ್ಟೇ. ಉಳಿದದ್ದು ಯಾಕೆ ಬಿಡಲಿಲ್ಲ ಎನ್ನುವುದು.

ನಮ್ಮದು ಉರುಗ್ವೆಯ ಉತ್ತರದ ಅಂಚು. ಮನೆ ಹಿಂದಿನ ದಿಬ್ಬ ಹತ್ತಿದರೆ ಬ್ರೆಜಿಲ್ ಕಾಣುತ್ತದೆ. ಬಿಳಿ ಮುಖದ ಕೆಂಪು ದನ ಎಂಬತ್ತು, ಎರಡು ಕುದುರೆ, ಒಂದು ನಾಯಿ, ನಾನು, ತಿಬುರ್ಸಿಯೊ. ಮಕ್ಕಳಾಗಲಿಲ್ಲ. ಮಾಂಸಕ್ಕೆಂದು ದನ ಸಾಕುವ ನಮಗೆ ಹುಲಿ ಚಿರತೆಯ ಭಯವಿಲ್ಲ, ನೊಣದ ಭಯ. ಸಕ್ಕರೆಗೆ ಮುತ್ತುವ ನೊಣವಲ್ಲ ಇದು. ನೀಲಿ ಬೆರೆತ ಹಸಿರು ಮೈ, ಕೆಂಪು ಕಣ್ಣು. ಮುಳ್ಳುತಂತಿ ಗೀರಿದ ಗಾಯ, ಕರುವಿನ ಹೊಕ್ಕುಳು, ಈದ ಹಸುವಿನ ಹಿಂಭಾಗ, ಎಲ್ಲಿ ಹಸಿ ರಕ್ತ ಕಂಡರೂ ಅಂಚಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರುದಿನಕ್ಕೆ ಹುಳ. ಬೇರೆ ಹುಳಗಳು ಸತ್ತ ಮಾಂಸ ತಿಂದರೆ ಇವು ಜೀವಂತ ಮಾಂಸವನ್ನೇ ಕೊರೆಯುತ್ತ ಒಳಗೆ ಇಳಿಯುತ್ತವೆ. ಗಮನಿಸದೆ ಬಿಟ್ಟರೆ ವಾರದಲ್ಲಿ ಹೋರಿ ಹೋಯಿತು. ಅದಕ್ಕೇ ಕರುಗಳ ಬೀಜ ಒಡೆಯುವುದು, ಕೊಂಬು ಕತ್ತರಿಸುವುದು ಎಲ್ಲ ಚಳಿಗಾಲದಲ್ಲಿ, ನೊಣ ಇಲ್ಲದಾಗ. ಬೇಸಿಗೆಯಲ್ಲಿ ದಿನಾ ಕುದುರೆ ಹತ್ತಿ ಒಂದೊಂದು ದನವನ್ನೂ ಸುತ್ತುಹಾಕಿ ನೋಡಲೇಬೇಕು.

ತಿಬುರ್ಸಿಯೊ ಗಾಯ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವನು ಹೆಜ್ಜೆ ಮಗುಚುವವನು. ಹುಳ ಬಿದ್ದ ದನವನ್ನು ಮೆತ್ತನೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ಬಲಗಡೆಯ ಹಿಂಗಾಲು ಊರಿದ ಗುರುತಿನ ಸುತ್ತ ಅವನು ಚೂರಿಯಿಂದ ಕೊಯ್ದು, ಹುಲ್ಲು ಬೇರು ಸಮೇತ ಹೆಂಟೆಯನ್ನು ಎತ್ತಿ, ತಲೆಕೆಳಗು ಮಾಡಿ ಅದೇ ಗುಂಡಿಗೆ ಕೂರಿಸುತ್ತಿದ್ದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆ ಮಂತ್ರವನ್ನು ಅವನ ಅಜ್ಜ ಒಂದು ಶುಭ ಶುಕ್ರವಾರ ಅವನ ಕಿವಿಯಲ್ಲಿ ಹೇಳಿದ್ದನಂತೆ. ಬೇರೆ ದಿನ ಹೇಳಿಕೊಟ್ಟರೆ ಅದರ ಬಲ ಹೋಗುತ್ತದೆ. ಆಮೇಲೆ ಮೂರು ದಿನ ಆ ದನವನ್ನು ಯಾರೂ ಮುಟ್ಟುವಂತಿಲ್ಲ, ಹತ್ತಿರ ಹೋಗಿ ನೋಡುವಂತೆಯೂ ಇಲ್ಲ. ಹೆಂಟೆಯ ಬೇರು ಒಣಗುತ್ತ ಬಂದಂತೆ ಹುಳ ಉದುರುತ್ತವೆ. ಕಾಸು ತೆಗೆದುಕೊಳ್ಳುವಂತಿಲ್ಲ. ಉಪಕಾರವಾಯಿತು ಎಂದು ಯಾರಾದರೂ ಬಾಯಿತಪ್ಪಿ ಅಂದರೂ ಎಲ್ಲ ಕೆಟ್ಟಿತು. ಹಾಗಾಗಿ ಜನ ಅವನೆದುರು ಟೋಪಿ ತೆಗೆದು ಸುಮ್ಮನೆ ನಿಲ್ಲುತ್ತಿದ್ದರು.

ನನ್ನ ಗಂಡ ಇನ್ಯಾವುದರಲ್ಲೂ ಗಟ್ಟಿಗನಲ್ಲ. ಹಗ್ಗ ಎಸೆದರೆ ಬೇಲಿಗೂಟಕ್ಕೆ ಬೀಳುತ್ತಿತ್ತು. ಇಸ್ಪೀಟಿನಲ್ಲಿ ಕೈಯಲ್ಲಿ ಒಳ್ಳೆಯ ಎಲೆ ಬಂದರೆ ಕಿವಿ ಕೆಂಪಾಗುತ್ತಿತ್ತು, ಎದುರಿನವರು ಆಟ ಬಿಟ್ಟೇಳುತ್ತಿದ್ದರು. ಮದುವೆಯಾದ ಮೊದಲ ಬೇಸಿಗೆ ಒಂದು ಕಡಸಿನ ತೊಡೆಗೆ ಹುಳ ಬಿತ್ತು. ಇವನು ಹೆಜ್ಜೆ ಮಗುಚಿದ. ಐದನೇ ದಿನ ಕಡಸು ಸತ್ತಿತು. ಇವನು ಕೊಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅತ್ತ. ಕಡಸಿಗಾಗಿ ಅಲ್ಲ, ಅಜ್ಜ ಕೊಟ್ಟದ್ದನ್ನು ಕಳೆದುಕೊಂಡೆ ಎಂದು. ಎರಡು ದಿನ ಮಟೆ ಕಷಾಯವನ್ನೂ ಕುಡಿಯಲಿಲ್ಲ. ನಮ್ಮ ಕಡೆ ಗಂಡಸು ಮಟೆ ಬಿಟ್ಟನೆಂದರೆ ಪಾದ್ರಿಯನ್ನು ಕರೆಸುವ ಹೊತ್ತಾಯಿತೆಂದೇ ಅರ್ಥ. ನನಗೆ ಇಪ್ಪತ್ತಮೂರು ವರ್ಷ. ಅವನ ಮೇಲೆ ಪ್ರಾಣ ಇಟ್ಟುಕೊಂಡಿದ್ದೆ.

ಮುಂದಿನ ದನಕ್ಕೆ ಹುಳ ಬಿದ್ದಾಗ ಅವನು ಹೆಜ್ಜೆ ಮಗುಚಿ ಬಂದು ಉಂಡು ಮಲಗಿದ. ಬೇಸಿಗೆಯ ಮಧ್ಯಾಹ್ನ ಇಲ್ಲಿ ನಾಯಿಯೂ ಕಣ್ಣು ಬಿಡುವುದಿಲ್ಲ. ನಾನು ಕಪ್ಪು ಫಿನಾಯಿಲಿಗೆ ಎಣ್ಣೆ ಬೆರೆಸಿ ಬಾಟಲಿಗೆ ತುಂಬಿ, ಕುದುರೆ ಹತ್ತಿ, ಆ ಹಸುವನ್ನು ದೊಡ್ಡಿಯ ಇಕ್ಕಟ್ಟಿನ ಓಣಿಗೆ ಅಟ್ಟಿದೆ. ಅದರ ಕುತ್ತಿಗೆಯನ್ನು ಅಲುಗದಂತೆ ಓಣಿಯ ತುದಿಯ ಎರಡು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ, ಕಡ್ಡಿಯಿಂದ ಹುಳಗಳನ್ನು ಕೆದಕಿ ಕೆದಕಿ ತೆಗೆದೆ. ಮದ್ದು ಸುರಿದೆ. ಮೇಲೆ ಕೆಸರು ಬಳಿದೆ. ಅಂಗಡಿಯಲ್ಲಿ ಸಿಗುವ ನೀಲಿ ಮದ್ದು ಇದಕ್ಕಿಂತ ಒಳ್ಳೆಯದು, ಆದರೆ ಅದರ ಬಣ್ಣ ಹೋಗುವುದಿಲ್ಲ, ಗುಟ್ಟು ರಟ್ಟಾಗುತ್ತದೆ. ವಾಪಸು ಬಂದು ಫಿನಾಯಿಲಿನ ವಾಸನೆಗೆ ಒಂದು ನೆಪ ಬೇಕಲ್ಲ, ಅದೇ ಫಿನಾಯಿಲು ಹಾಕಿ ಇಡೀ ಮನೆ ಒರೆಸಿದೆ. ಮೂರು ದಿನದ ಮೇಲೆ ತಿಬುರ್ಸಿಯೊ ಹೋಗಿ ನೋಡಿ, ಕುದುರೆಯಿಂದ ಹಾರಿ ಇಳಿದು, ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಹಾಗೆ ಎತ್ತಿಸಿಕೊಂಡವಳು ಸತ್ಯ ಹೇಳುವುದು ಹೇಗೆ?

ಮೂವತ್ತೊಂದು ವರ್ಷ ಹೀಗೇ ನಡೆಯಿತು. ಮೂವತ್ತೊಂದು ವರ್ಷ ಪ್ರತಿ ಬೇಸಿಗೆಯ ಪ್ರತಿ ಮಧ್ಯಾಹ್ನ, ಹುಳ ಬಿದ್ದಿರಲಿ ಬಿಡಲಿ, ನಾನು ಫಿನಾಯಿಲಿನಲ್ಲಿ ನೆಲ ಒರೆಸಿದೆ. "ನನ್ನ ಹೆಂಡ್ತಿಗೆ ಶುಚಿ ಹುಚ್ಚು" ಎಂದು ಅವನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಅವನ ಹೆಸರು ಹಬ್ಬಿತು. ಎರಡು ಹರದಾರಿ ಆಚೆಯ ಅನಾಕ್ಲೆತೊ ಕುದುರೆ ಓಡಿಸಿಕೊಂಡು ಬಂದು ಕರೆದೊಯ್ಯುತ್ತಿದ್ದ. ಹೊಳೆಯಾಚೆಯವರೂ ಬರುತ್ತಿದ್ದರು. ಅಲ್ಲಿಯ ದನಗಳೂ ವಾಸಿಯಾಗುತ್ತಿದ್ದವು. ಅದು ಹೇಗೆ ಎಂದು ನಾನು ತಲೆಕೆಡಿಸಿಕೊಳ್ಳಲಿಲ್ಲ. ಕೆಲವು ಗಾಯ ತಾನಾಗಿ ಮಾಯುತ್ತವೆ, ವಾಸಿಯಾಗದ್ದನ್ನು ಜನ ಮರೆಯುತ್ತಾರೆ ಅಂದುಕೊಂಡೆ. ಒಮ್ಮೊಮ್ಮೆ, ಯಾರಿಗೂ ಹೇಳಬೇಡಿ, ನನಗೂ ಸಂಶಯ ಬರುತ್ತಿತ್ತು. ಏನಾದರೂ ಇದ್ದರೂ ಇರಬಹುದು, ಯಾರಿಗೆ ಗೊತ್ತು?

ಈಚೆಗೆ ನಾಲ್ಕೈದು ವರ್ಷದಿಂದ ಬ್ರೆಜಿಲ್ ಕಡೆಯಿಂದ ಇನ್ನೊಂದು ನೊಣ ಬಂದಿದೆ. ಚಿಕ್ಕದು, ದನದ ಹೆಗಲು ಬೆನ್ನಿನ ಮೇಲೆ ನೂರಾರು ಕೂತು ಹಗಲೂ ರಾತ್ರಿ ರಕ್ತ ಹೀರುತ್ತದೆ. ಕೊಂಬಿನ ನೊಣ ಅನ್ನುತ್ತಾರೆ. ಅದಕ್ಕೆ ಅಜ್ಜನ ಕಾಲದಲ್ಲಿ ಮಂತ್ರವಿರಲಿಲ್ಲ, ಯಾಕೆಂದರೆ ಅಜ್ಜ ಆ ನೊಣವನ್ನೇ ಕಂಡಿರಲಿಲ್ಲ. ಹಾಗಾಗಿ ಅದಕ್ಕೆ ಅಂಗಡಿಯ ಮದ್ದು ತಂದು ಬೆನ್ನಿನ ಉದ್ದಕ್ಕೂ ಸುರಿಯಲು ತಿಬುರ್ಸಿಯೊಗೆ ಏನೂ ಸಂಕೋಚವಿರಲಿಲ್ಲ. ಜನವರಿಯ ಒಂದು ಸೋಮವಾರ ದನಗಳನ್ನು ಓಣಿಗೆ ತುಂಬಿ ಮದ್ದು ಸುರಿಯುತ್ತಿದ್ದೆವು. ಒಂದು ಹೋರಿ ಹೆಗಲ ಮೇಲಿನ ನೊಣ ಓಡಿಸಲು ತಲೆಯನ್ನು ಬೀಸಿ ಹಿಂದಕ್ಕೆ ಎಸೆಯಿತು. ಬಾಗಿ ನಿಂತಿದ್ದ ತಿಬುರ್ಸಿಯೊನ ಮೂಗಿನ ಮೇಲೆ ಬಡಿಯಿತು. ಎರಡೂ ಹೊಳ್ಳೆಯಿಂದ ರಕ್ತ.

"ಗುದ್ದಿಬಿಡ್ತಲ್ಲೇ ಹಾಳಾದ್ದು! ಮೂಗು ಇದೆಯಾ ನೋಡು."

"ಇದೆ. ಮೊದಲೇನು ಚೆನ್ನಾಗಿತ್ತಾ, ಈಗ ಕೆಡೋಕೆ?"

ಅವನು ಕೆಮ್ಮಿ ಕೆಮ್ಮಿ ನಕ್ಕ. ಆ ದಿನ, ಮಾರನೆಯ ದಿನ, ಸೆಕೆಗೆ ಒಳಗೆ ಮಲಗಲಾರದೆ ಮರದ ಕೆಳಗೆ ಕುರಿಚರ್ಮ ಹಾಸಿಕೊಂಡು ಅಂಗಾತ ಮಲಗಿದ. ಹೊಳ್ಳೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ನಾನು ಒಳಗೆ ನೆಲ ಒರೆಸುತ್ತಿದ್ದೆ.

ಗುರುವಾರ ಬೆಳಿಗ್ಗೆ ಮಟೆ ಬುರುಡೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ ಅವನು ಮೂಗು ತಿಕ್ಕಿಕೊಂಡ. "ಒಳಗೆ ಏನೋ ಹರಿದಾಡ್ದಂಗೆ ಆಗ್ತಿದೆ ಮುದುಕಿ" ಅಂದ. ಹೊಳ್ಳೆಯಿಂದ ತಿಳಿಗೆಂಪು ನೀರು ಇಳಿಯುತ್ತಿತ್ತು. ಅವನು ಉಸಿರು ಬಿಟ್ಟಾಗ ನನಗೆ ಆ ವಾಸನೆ ಬಂತು. ಅವನಿಗೂ ಗೊತ್ತಾಗಿತ್ತು. ಹುಳದ ಜೊತೆಗೇ ಬಾಳಿದವನಿಗೆ ಗೊತ್ತಾಗದೇ ಇರುತ್ತದೆಯೇ?

"ಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ" ಅಂದೆ.

"ತೋರಿಸಿ ಏನಂತ ಹೇಳ್ಲಿ? ಊರ ದನದ ಹುಳ ಎಲ್ಲ ಉದುರಿಸೋ ತಿಬುರ್ಸಿಯೊ ಬಂದಿದೀನಿ, ನನ್ನ ಮೂಗು ನೋಡಿ ಅಂತಾನಾ? ಜನ ನಗಲ್ವಾ?"

"ಅದು ದನಕ್ಕೆ ಮಾಡೋದು. ನೀನು ಮನುಷ್ಯ."

"ಮನುಷ್ಯನೂ ನೆಲದ ಮೇಲೇ ನಡೆಯೋದು ಕಣೇ."

ಅವನು ದನ ನೀರು ಕುಡಿಯುವ ಕಟ್ಟೆಯ ಹತ್ತಿರ ಹೋಗಿ, ಬಲಗಾಲಿನ ಬೂಟು ಕಳಚಿ, ಹಸಿ ನೆಲದಲ್ಲಿ ಬರಿಗಾಲು ಊರಿ ತೆಗೆದ. ಐದು ಬೆರಳೂ ಚೆನ್ನಾಗಿ ಮೂಡಿದ್ದವು. ಅವನೇ ಸುತ್ತ ಕೊಯ್ದು, ಎರಡು ಕೈಯಲ್ಲಿ ಎತ್ತಿ ಮಗುಚಿದ. ತುಟಿ ಅಲ್ಲಾಡಿತು. ಎದ್ದು ನಿಂತವನ ಮುಖದಲ್ಲಿ ಎಷ್ಟು ನೆಮ್ಮದಿ! ನಾನು ಬೇಲಿಗೆ ಒರಗಿ ನೋಡುತ್ತಿದ್ದೆ. ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನಾನು ಹೇಳಲಿಲ್ಲ. ಎಂದಿನಂತೆ ಗುಟ್ಟಿನಲ್ಲೇ ಮಾಡಿ ಮುಗಿಸುತ್ತೇನೆ, ಇದೂ ಒಂದು ದನ ಅಷ್ಟೇ ತಾನೆ ಎಂದುಕೊಂಡೆ. ನನ್ನ ದುರಹಂಕಾರ ನೋಡಿ!

ಮೂಗಿಗೆ ಫಿನಾಯಿಲು ಹಾಕಲಾಗುತ್ತದೆಯೇ? ನನ್ನ ಅಮ್ಮ ಕಾಮಕಸ್ತೂರಿ ಸೊಪ್ಪು ಹೇಳುತ್ತಿದ್ದಳು. ಅಂಗಳದಲ್ಲಿದ್ದ ಗಿಡವನ್ನೆಲ್ಲ ಬೋಳಿಸಿ, ಅರೆದು, ರಸಕ್ಕೆ ಹತ್ತಿ ಅದ್ದಿದೆ. ಶುಕ್ರವಾರ ಮಧ್ಯಾಹ್ನ, "ರಕ್ತ ನಿಲ್ಲೋಕೆ ಹತ್ತಿ ಇಡ್ತೀನಿ, ಮಲಕ್ಕೋ" ಅಂದೆ. "ಮೂರು ದಿನ ಮುಟ್ಟಬಾರ್ದು" ಅಂದ. "ಹುಳ ಮುಟ್ಟಲ್ಲ ಮಾರಾಯ, ಮೂಗು ಒರೆಸ್ತೀನಿ" ಅಂದೆ. ಅವನು ನಕ್ಕು ಒಪ್ಪಿದ. ಒಂದು ಗಂಟೆಯ ಹೊತ್ತಿಗೆ ಅವನು ಸೀನುತ್ತ ಎದ್ದು ಕೂತ. ದಿಂಬಿನ ಮೇಲೆ ಏಳು ಹುಳ ಬಿದ್ದು ಒದ್ದಾಡುತ್ತಿದ್ದವು.

"ನೋಡ್ದ್ಯಾ? ನೋಡ್ದ್ಯಾ ಮುದುಕಿ? ಹೆಂಟೆ ಒಣಗ್ತಾ ಬಂತು! ಒಂದೇ ದಿನಕ್ಕೆ ಏಳು!"

ಅವನ ಕಣ್ಣಲ್ಲಿ ನೀರು. ಮೂಗು ಒರೆಸುತ್ತ, ನನ್ನ ಕೈ ಹಿಡಿದುಕೊಂಡು, ಅಜ್ಜನನ್ನು ನೆನೆದ. ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಗೆದ್ದೆ ಎಂದುಕೊಂಡಿದ್ದೆ. ಹುಳ ಎಷ್ಟಿದ್ದಾವು ಎಂದು ಎಣಿಸುವ ಕೈಗಳು ಇವು, ದನದ ಗಾಯದಲ್ಲಿ ಮೊದಲು ಬೀಳುವುದು ಮೇಲಿನವು ಮಾತ್ರ ಎಂದು ತಿಳಿದ ಕೈಗಳು. ಒಳಗಿನವು ಮದ್ದು ತಾಕಿದರೆ ಇನ್ನೂ ಆಳಕ್ಕೆ ಹೋಗುತ್ತವೆ. ಅದಕ್ಕೇ ನಾನು ಕಡ್ಡಿ ಹಾಕಿ ಕೊನೆಯದು ಸಿಗುವ ತನಕ ಕೆದಕುತ್ತಿದ್ದೆ. ಗಂಡನ ಮೂಗಿಗೆ ಕಡ್ಡಿ ಹಾಕಲಾಗಲಿಲ್ಲ.

ಶನಿವಾರ ಬೆಳಗಾಗುವಾಗ ಅವನ ಬಲಗಣ್ಣು ಊದಿ ಮುಚ್ಚಿತ್ತು. ಹಣೆ ಸಿಡಿಯುತ್ತದೆ ಎಂದು ಗೋಡೆಗೆ ತಲೆ ಒತ್ತಿಕೊಂಡು ನಿಂತಿದ್ದ. ಮೈ ಕೆಂಡ. ವಾಸನೆ ಮನೆಯಲ್ಲೆಲ್ಲ ತುಂಬಿತ್ತು. ನಾನು ಅವನನ್ನು ಹಾಸಿಗೆಯ ಮೇಲೆ ಕೂರಿಸಿ, ಎದುರಿಗೆ ಮಣೆ ಹಾಕಿಕೊಂಡು ಕೂತೆ.

"ಎದ್ದೇಳು. ಅನಾಕ್ಲೆತೊನ ಗಾಡಿ ತರ್ತೀನಿ, ಆಸ್ಪತ್ರೆಗೆ ಹೋಗೋಣ."

"ನಾಳೆಗೆ ಮೂರು ದಿನ. ಅಲ್ಲೀತನಕ ನಾನು ಕದಲಲ್ಲ."

"ಆ ಏಳು ಹುಳ ನಿನ್ನ ಮಂತ್ರಕ್ಕೆ ಬಿದ್ದಿದ್ದಲ್ಲ. ಹತ್ತೀಲಿ ಸೊಪ್ಪಿನ ರಸ ಇತ್ತು."

ಅವನು ಒಂದೇ ಕಣ್ಣಲ್ಲಿ ನನ್ನನ್ನು ನೋಡಿದ.

"ನಮ್ಮ ಒಂದು ದನಾನೂ ನಿನ್ನ ಮಂತ್ರಕ್ಕೆ ವಾಸಿಯಾಗಿಲ್ಲ ತಿಬುರ್ಸಿಯೊ. ನಾನೇ ಮಾಡಿದ್ದು. ನೀನು ಮಧ್ಯಾಹ್ನ ಮಲಗಿದಾಗ ಹೋಗಿ ಕೆದಕಿ ಮದ್ದು ಹಾಕಿ ಬರ್ತಿದ್ದೆ. ಈ ಫಿನಾಯಿಲು ಏನಂದ್ಕೊಂಡೆ? ಶುಚಿಗೆ ಅಂದ್ಕೊಂಡ್ಯಾ? ಮೂವತ್ತೊಂದು ವರ್ಷ ಕಣೋ! ಮುಟ್ಟಬಾರದು ಅಂದಿದ್ದನ್ನೆಲ್ಲ ಮುಟ್ಟಿದೀನಿ. ಈಗಲಾದ್ರೂ ನನ್ನ ಮಾತು ಕೇಳು, ನಿನ್ನ ಕಾಲಿಗೆ ಬೀಳ್ತೀನಿ."

ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬಹಳ ಮೆಲ್ಲಗೆ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಕೇಳಿದ.

"ನಮ್ಮ ದನ ಸರಿ. ಅನಾಕ್ಲೆತೊನ ದನ?"

ನಾನು ಬಾಯಿ ತೆರೆದೆ.

"ಎರಡು ಹರದಾರಿ ಕುದುರೆ ಓಡಿಸ್ಕೊಂಡು ಅಲ್ಲಿಗೂ ಹೋಗಿದ್ಯಾ? ಹೊಳೆಯಾಚೆಗೆ? ನಾನು ಎದ್ದೇಳೋದ್ರೊಳಗೆ ಬಂದ್ಬಿಡ್ತಿದ್ಯಾ?"

"ಇಲ್ಲ."

"ಮತ್ತೆ ಅವನ್ನ ಯಾರು ವಾಸಿ ಮಾಡಿದ್ರು?"

ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಮೂವತ್ತೊಂದು ವರ್ಷ ಸುಳ್ಳು ಬಾಳಿದವಳಿಗೆ, ಬೇಕಾದ ಆ ಒಂದು ಗಳಿಗೆಯಲ್ಲಿ ಒಂದು ಸುಳ್ಳೂ ಹುಟ್ಟಲಿಲ್ಲ. ಅವನ ಊದಿದ ಮುಖದಲ್ಲಿ ನಗುವಿನಂಥದ್ದು ಮೂಡಿತು.

"ನೋಡು ಮತ್ತೆ. ಪಾಪ, ಅಷ್ಟೊಂದು ಸಲ ನೀನು ಮುಟ್ಟಿ ಕೆಡಿಸಿದ್ರೂ ಕೆಡಲಿಲ್ಲ. ಅಷ್ಟು ಬಲ ಇದೆ ಅದಕ್ಕೆ. ಬಿಡು, ನಂಗೆ ಕೋಪ ಇಲ್ಲ" ಎಂದು ನನ್ನ ತಲೆ ಸವರಿ, ಗೋಡೆಯ ಕಡೆ ತಿರುಗಿ ಮಲಗಿದ.

ನಾನು ಅಲ್ಲಿಗೇ ಬಿಡಲಿಲ್ಲ. ಕುದುರೆ ಹತ್ತಿ ಅನಾಕ್ಲೆತೊನ ಮನೆಗೆ ಹೊಡೆದೆ. ಅವನ ಹೆಂಡತಿ ಸುಲ್ಮಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಅವಳ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದವಳು ನಾನು, ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು, ಅಕ್ಕತಂಗಿಗಿಂತ ಹತ್ತಿರ. "ತಿಬುರ್ಸಿಯೊನ ಮೂಗಿಗೆ ಹುಳ ಬಿದ್ದಿದೆ, ತಾನೇ ಹೆಜ್ಜೆ ಮಗುಚಿಕೊಂಡು ಮಲಗಿದಾನೆ" ಎಂದಷ್ಟೇ ಹೇಳಿದೆ. ಅವಳ ಕೈಯಿಂದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ಏನೋ ಹೇಳಲು ಹೊರಟವಳು ಗಂಡ ಹೊರಗೆ ಬಂದದ್ದನ್ನು ನೋಡಿ ಸುಮ್ಮನಾದಳು. ಗಾಡಿಯಲ್ಲಿ ನಾವು ಮೂವರೂ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು.

ಮನೆ ತಲುಪಿದಾಗ ತಿಬುರ್ಸಿಯೊಗೆ ಎಚ್ಚರವಿತ್ತು, ಆದರೆ ಬರುವುದಿಲ್ಲ ಎಂದು ಮಂಚದ ಕಾಲು ಹಿಡಿದುಕೊಂಡ. ಅನಾಕ್ಲೆತೊ ಬಾಗಿಲಲ್ಲೇ ನಿಂತ.

"ಕೊಮಾದ್ರೆ, ಅವನೇ ಬೇಡ ಅಂತಾನಲ್ಲ. ನಾಳೆಗೆ ಮೂರು ದಿನ ಆಗುತ್ತಂತೆ. ಮಧ್ಯದಲ್ಲಿ ಮುಟ್ಟಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಿನ್ನ ತಲೆ! ಎತ್ತು ಅಂದ್ರೆ ಎತ್ತು!"

"ನನ್ನ ದನ ಎಷ್ಟು ಉಳಿಸಿದಾನೆ ಇವನು. ನಾನು ಕೈಯಾರೆ ಕೆಡಿಸ್ಲಾ?"

ನಾನು ಸುಲ್ಮಾಳ ಮುಖ ನೋಡಿದೆ, ನೀನಾದರೂ ಹೇಳು ಎನ್ನುವಂತೆ. ಅವಳು ನೆಲ ನೋಡುತ್ತಿದ್ದಳು. ತಿಬುರ್ಸಿಯೊ ಆ ಒಂದೇ ಕಣ್ಣಿನಲ್ಲಿ ಅನಾಕ್ಲೆತೊನನ್ನು ನೋಡಿ, "ನಾಳೆ ಸಂಜೆ ನಾನೇ ಗಾಡಿ ಹತ್ತೀನಿ ಗೆಳೆಯಾ" ಅಂದ. ನಾನು ಕಿರುಚಿದೆ, ಬೈದೆ, ಒಬ್ಬಳೇ ಎಳೆಯಲು ನೋಡಿದೆ. ಮಧ್ಯಾಹ್ನ ಕಳೆದು, ಬಿಸಿಲು ಇಳಿಯುವ ಹೊತ್ತಿಗೆ ಅವನ ಕೈಕಾಲು ಸೆಟೆದುಕೊಂಡವು, ಹಲ್ಲು ಕಚ್ಚಿಕೊಂಡವು. ಆಮೇಲೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಪಟ್ಟಣದ ತನಕ ಗಾಡಿಯ ಹಿಂದೆ ಸುಲ್ಮಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ನಾನು ಕಾಲು ಹಿಡಿದುಕೊಂಡಿದ್ದೆ. ಆಸ್ಪತ್ರೆಯ ಹುಡುಗಿ ಡಾಕ್ಟರು ಒಂದೊಂದಾಗಿ ಅರವತ್ತಕ್ಕೂ ಹೆಚ್ಚು ಹುಳ ತೆಗೆದಳು. ಮಿದುಳಿಗೆ ಕೀವು ಹತ್ತಿದೆ, ಎರಡು ದಿನ ಮುಂಚೆ ಬಂದಿದ್ದರೆ ಎಂದಳು. ಬುಧವಾರ ಬೆಳಗಿನ ಜಾವ ಅವನು ಹೋದ.

ಬುಧವಾರ ಮಧ್ಯಾಹ್ನ ಮುಚ್ಚಿದ ಪೆಟ್ಟಿಗೆಯಲ್ಲಿ ಮನೆಗೆ ತಂದರು. ನಾಲ್ಕು ದಿಕ್ಕಿನಿಂದ ಜನ ಬಂದರು. ಗಂಡಸರು ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು, ಅವನು ಉಳಿಸಿದ ದನಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. ನಾನು ಅಡುಗೆಮನೆಗೆ ಹೋದೆ. ಸುಲ್ಮಾ ಒಲೆಯ ಮುಂದೆ ಕಾಫಿ ಕಾಸುತ್ತಿದ್ದಳು. ನನ್ನನ್ನು ನೋಡಿ ಕೆಟಲನ್ನು ಕೆಳಗಿಟ್ಟಳು. ಬಾಗಿಲು ಮುಂದೆ ಮಾಡಿದಳು.

"ನಿಮ್ಮನೆ ನಮ್ಮನೆ ಥರಾನೇ ವಾಸನೆ ಬರುತ್ತೆ ಕೊಮಾದ್ರೆ" ಅಂದಳು.

"ಯಾವ ವಾಸನೆ?"

"ಕಪ್ಪು ಫಿನಾಯಿಲು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಏಪ್ರನ್ನಿನ ತುದಿಯನ್ನು ತಿರುಚುತ್ತ ಹೇಳುತ್ತ ಹೋದಳು.

"ನಿನ್ನ ಗಂಡ ಬಂದು ಹೆಜ್ಜೆ ಮಗುಚಿ ಹೋಗೋನು. ಇವರು ಮುಟ್ಟಬಾರದು ಅಂತ ಆ ಕಡೆ ತಲೆ ಹಾಕ್ತಿರಲಿಲ್ಲ. ಹಸು ನರಳೋದು ನಂಗೆ ಕೇಳಿಸೋದು. ಒಂದ್ಸಲ ತಡೀಲಾರದೆ ಹೋಗಿ ಮದ್ದು ಹಾಕ್ದೆ. ವಾಸಿಯಾಯ್ತು. ಇವರು ಕುಣಿದಾಡ್ಬಿಟ್ರು. ಆಮೇಲೆ ಪ್ರತೀ ಸಲ..."

"ಹೊಳೆಯಾಚೆಯವರು?"

"ಅಲ್ಲೀ ಹೆಂಗಸ್ರೂ ಅಷ್ಟೇ. ನಾವು ಯಾವತ್ತೂ ಬಾಯಿಬಿಟ್ಟು ಆಡ್ಕೊಂಡಿಲ್ಲ. ಆದ್ರೆ ಅವರ ಮನೆ ನೆಲಾನೂ ಇದೇ ವಾಸನೆ. ಬಿಸಿಲಲ್ಲಿ ಅಷ್ಟು ದೂರ ಕುದುರೆ ಮೇಲೆ ಬರ್ತಿದ್ದ, ಒಂದು ಲೋಟ ಕಾಫಿಗೂ ಕೂರ್ತಿರಲಿಲ್ಲ. ಅಂಥ ಮನುಷ್ಯನ ಮುಖಕ್ಕೆ ಹೆಂಗೆ ಹೇಳೋದು? ನಿಂಗೆ ತಿಳಿದ್ರೆ ನಿಂಗೆ ನೋವಾಗುತ್ತೆ ಅಂತ ನಾನು... ನೀನು ಅವನ ಹೆಂಡತಿ, ನೀನು ನಂಬಿರ್ತೀಯ ಅಂದ್ಕೊಂಡಿದ್ದೆ."

ನನಗೆ ಅವಳ ಕುತ್ತಿಗೆ ಹಿಸುಕಬೇಕೆನ್ನಿಸಿತು. ಸುಳ್ಳು ಹೇಳುವುದಿಲ್ಲ, ಹಾಗೆಯೇ ಅನ್ನಿಸಿತು. ಶನಿವಾರ ಆ ಮಂಚದ ಪಕ್ಕದಲ್ಲಿ ನಿಂತು ಇವಳು ಇದೇ ಮಾತನ್ನು ಆಡಿದ್ದರೆ! ಅನಾಕ್ಲೆತೊನ ದನ ಯಾರು ವಾಸಿ ಮಾಡಿದರು ಎಂದು ಕೇಳಿದವನಿಗೆ ಉತ್ತರ ಅವನ ಕಣ್ಣೆದುರಿಗೇ ಇತ್ತು, ತಲೆ ತಗ್ಗಿಸಿಕೊಂಡು.

"ಶನಿವಾರ ಯಾಕೆ ಹೇಳಲಿಲ್ಲ?"

"ಇವರು ಅಲ್ಲೇ ನಿಂತಿದ್ರಲ್ಲ" ಅಂದಳು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಅವಳ ಹತ್ತಿರ ಇರಲಿಲ್ಲ. ಗುರುವಾರ ಬಾಯಿ ಮುಚ್ಚಿಕೊಂಡದ್ದಕ್ಕೆ ನನ್ನ ಹತ್ತಿರವೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅನಾಕ್ಲೆತೊ ಬಂದ. ಅತ್ತು ಕಣ್ಣು ಕೆಂಪಾಗಿತ್ತು. ಹೊರಗಿನ ನಾಲ್ಕೈದು ಗಂಡಸರು ಅವನ ಹಿಂದೆ ನಿಂತರು.

"ಕೊಮಾದ್ರೆ, ಹೊತ್ತಲ್ಲದ ಹೊತ್ತು, ಬೇಜಾರು ಮಾಡ್ಕೋಬೇಡ. ನನ್ನ ಒಂದು ಹಸುಗೆ ನಿನ್ನೆ ಹುಳ ಬಿದ್ದಿದೆ. ಅವನು ಮಂತ್ರ ನಿಂಗೇನಾದ್ರೂ ಬಿಟ್ಟು ಹೋಗಿದಾನಾ? ಇನ್ನು ನಮಗೆ ಯಾರು ದಿಕ್ಕು?"

"ನಿನ್ನ ಹಸುಗಳನ್ನ ವಾಸಿ ಮಾಡ್ತಿದ್ದವಳು ನಿನ್ನ ಹೆಂಡತಿ" ಅಂದೆ. ಜೋರಾಗಿಯೇ ಅಂದೆ, ಹೊರಗಿನವರಿಗೂ ಕೇಳಲಿ ಎಂದು. "ನಮ್ಮವನ್ನ ನಾನು. ಕಪ್ಪು ಫಿನಾಯಿಲು ಹಾಕಿ. ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ. ಅವಳನ್ನೇ ಕೇಳು."

ಅನಾಕ್ಲೆತೊ ಹೆಂಡತಿಯನ್ನು ನೋಡಿದ. ಅವನ ಮುಖದಲ್ಲಿ ಸಂಶಯವಿರಲಿಲ್ಲ, ಕನಿಕರವಿತ್ತು, ಅದೂ ನನ್ನ ಮೇಲೆ. ಸುಲ್ಮಾ ಒಮ್ಮೆ ಅವನನ್ನು, ಒಮ್ಮೆ ಬಾಗಿಲಲ್ಲಿ ನಿಂತವರನ್ನು ನೋಡಿದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಪಾಪ, ಐದು ದಿನದಿಂದ ಕಣ್ಣು ಮುಚ್ಚಿಲ್ಲ. ಏನು ಮಾತಾಡ್ತಿದೀನಿ ಅಂತ ಗೊತ್ತಿಲ್ಲ ಅವಳಿಗೆ. ನೀವು ಹೊರಗೆ ಹೋಗಿ" ಅಂದಳು.

ಗಂಡಸರು ತಲೆಯಾಡಿಸುತ್ತ ಹೋದರು. ನಾನು ಅವಳ ಕೈಯನ್ನು ಕಿತ್ತೆಸೆದೆ. ಆದರೆ ಬೈಯಲು ಬಾಯಿ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದು, ಬಾಗಿಲಲ್ಲಿ ತಿಬುರ್ಸಿಯೊ ನಿಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಗುರುವಾರ ಮಣ್ಣು ಮಾಡಿದೆವು. ಒಂಬತ್ತನೆಯ ದಿನದ ಜಪಕ್ಕೆ ಮತ್ತೆ ಎಲ್ಲರೂ ಸೇರಿದರು. ಜಪ ಮುಗಿದ ಮೇಲೆ ಅನಾಕ್ಲೆತೊ ನನ್ನ ಮುಂದೆ ಬಂದು ನಿಂತ. ಟೋಪಿ ಎದೆಗೊತ್ತಿಕೊಂಡಿದ್ದ.

"ಕೊಮಾದ್ರೆ, ನಾನೇ ಹೋಗಿ ಆ ಹಸುವಿನ ಹೆಜ್ಜೆ ಮಗುಚಿದೆ. ಮಂತ್ರ ಗೊತ್ತಿಲ್ವಲ್ಲ, ತಿಬುರ್ಸಿಯೊ, ನೀನೇ ನೋಡ್ಕೋ ಅಂತ ಅವನ ಹೆಸರು ಹೇಳ್ದೆ. ಮೂರನೇ ದಿನಕ್ಕೆ ಒಂದು ಹುಳ ಇಲ್ಲ! ಮೇಲಿಂದಾನೇ ಮಾಡಿದಾನೆ." ಉಪಕಾರದ ಮಾತು ಬಾಯಿಗೆ ಬರುತ್ತಿದ್ದುದನ್ನು ಕಷ್ಟಪಟ್ಟು ನುಂಗಿಕೊಂಡ. ಸುತ್ತ ನಿಂತವರು ಶಿಲುಬೆಯ ಗುರುತು ಮಾಡಿಕೊಂಡರು. ಅನಾಕ್ಲೆತೊಗೆ ಅರವತ್ತೆಂಟು ವರ್ಷ. ಗಲ್ಲದ ಮೇಲೆ ಕ್ಷೌರದ ಕತ್ತಿ ತಾಗಿದ ಒಂದು ಹಸಿ ಗೀರು ಇತ್ತು.

ಎಲ್ಲರೂ ಹೊರಟಾಗ ನಾನು ಸುಲ್ಮಾಳನ್ನು ಬೇಲಿಯ ಬಾಗಿಲಲ್ಲಿ ತಡೆದೆ.

"ನಾಳೆ ಹುಳ ಅವನಿಗೇ ಬಿದ್ದು, ಅವನೂ ತನ್ನ ಹೆಜ್ಜೆ ಮಗುಚಿಕೊಂಡು ಮಲಗಿದ್ರೆ?"

"ಆಗ ಹೇಳ್ತೀನಿ" ಅಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ."

ಗಾಡಿಯಿಂದ ಅನಾಕ್ಲೆತೊ ಅವಳ ಹೆಸರು ಹಿಡಿದು ಕೂಗಿದ, ಅವಳು ಓಡಿದಳು. ನಾನು ಒಳಗೆ ಬಂದು ಬಕೆಟ್ಟಿಗೆ ನೀರು ತುಂಬಿ, ಫಿನಾಯಿಲು ಸುರಿದು, ನೆಲ ಒರೆಸತೊಡಗಿದೆ. ಅರ್ಧ ಒರೆಸಿದ ಮೇಲೆ ಇನ್ನು ಯಾರಿಂದಲೂ ಮುಚ್ಚಿಡುವುದು ಏನೂ ಇಲ್ಲ ಎಂದು ನೆನಪಾಯಿತು. ಉಳಿದರ್ಧವನ್ನೂ ಒರೆಸಿದೆ.